ವಿಭೂತಿ ಬುಧವಾರದ ರಟ್ಟಿನ ಡಬ್ಬಿ ಎಷ್ಟರ ಮಟ್ಟಿಗೆ ಕೆಲಸಕ್ಕೆ ಬರುತ್ತದೆ?

ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೆ ಹಾಕಿದ ದುಡ್ಡು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಮಲೆನಾಡಿನ ಚರ್ಚುಗಳಲ್ಲಿ ಹಣೆಗೆ ಬೂದಿ ಹಚ್ಚುತ್ತಾರೆ. ಅದೇ ವಿಭೂತಿ ಬುಧವಾರ, 2026ರಲ್ಲಿ ಅದು ಫೆಬ್ರವರಿ 18. ಆ ಬುಧವಾರವೋ ಅದರ ಮುಂದಿನ ಭಾನುವಾರವೋ ಪೂಜೆ ಮುಗಿಸಿ ಹೊರಬರುವಾಗ ಮನೆಗೊಂದರಂತೆ ಮಡಚಿದ ರಟ್ಟಿನ ಹಾಳೆ ಕೊಡುವ ರೂಢಿ ಹಲವು ಧರ್ಮಕೇಂದ್ರಗಳಲ್ಲಿದೆ. ಗೆರೆ ಇದ್ದಲ್ಲಿ ಮಡಚಿ, ಕಿವಿಗಳನ್ನು ಸಿಕ್ಕಿಸಿದರೆ ಅಂಗೈ ಮೇಲೆ ಕೂರುವ ಕಾಣಿಕೆ ಡಬ್ಬಿ. ಪಾಸ್ಖಕ್ಕೆ (ಈಸ್ಟರ್) ಮುಂಚಿನ ಉಪವಾಸದ ದಿನಗಳಾದ ತಪಸ್ಸುಕಾಲದಲ್ಲಿ ಮನೆಯಲ್ಲಿಟ್ಟು, ಪಾಸ್ಖದ ಹಿಂದಿನ ಭಾನುವಾರವಾದ ಗರಿಗಳ ಭಾನುವಾರದಿಂದ ಪಾಸ್ಖದೊಳಗೆ ತಿರುಗಿ ಒಪ್ಪಿಸಬೇಕು. ಬೆಲೆ ಇಲ್ಲ. ಬಿಟ್ಟಿ ಸಿಕ್ಕಿದ್ದರ ಗುಣದೋಷ ಯಾರೂ ನೋಡುವುದಿಲ್ಲ, ಆದ್ದರಿಂದಲೇ ಈ ಡಬ್ಬಿ ವರ್ಷದಿಂದ ವರ್ಷಕ್ಕೆ ಅದೇ ತಪ್ಪುಗಳನ್ನು ಹೊತ್ತು ಬರುತ್ತದೆ.

ಮೊದಲು ಇದು ಯಾತಕ್ಕೆ ಎಂಬುದು ಗೊತ್ತಾಗಬೇಕು. ಚಂದಾ ಎತ್ತುವುದಕ್ಕಾದರೆ ಇದಕ್ಕಿಂತ ಸುಲಭದ ದಾರಿಗಳು ಬೇಕಾದಷ್ಟಿವೆ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿ ಬರೆದ ‘ಹೆರ್ಮಸನ ಕುರುಬ’ ಎಂಬ ಹಳೆಯ ಕ್ರೈಸ್ತ ಗ್ರಂಥದಲ್ಲಿ ಉಪವಾಸದ ಕ್ರಮ ಹೇಳಿದೆ: ಆ ದಿನ ರೊಟ್ಟಿ, ನೀರು ಮಾತ್ರ, ಉಣ್ಣಬೇಕಿದ್ದ ಊಟದ ಖರ್ಚನ್ನು ಲೆಕ್ಕ ಹಾಕಿ ವಿಧವೆಗೋ ಅನಾಥರಿಗೋ ಇಲ್ಲದವರಿಗೋ ಕೊಡಬೇಕು. ಡಬ್ಬಿಯ ತತ್ವ ಇಷ್ಟೇ. ತಟ್ಟೆಯಿಂದ ಇಳಿದದ್ದು ಡಬ್ಬಿಗೆ ಹೋಗಬೇಕು. ತಟ್ಟೆಯಲ್ಲಿ ಏನೂ ಇಳಿಯದೆ ಪರ್ಸಿನಿಂದ ನೇರವಾಗಿ ಡಬ್ಬಿಗೆ ಹೋದದ್ದು ದಾನವೇನೋ ಹೌದು, ತಪಸ್ಸಲ್ಲ.

ಹಣ ಪಾಪದ ಮೂಲ ಎಂದು ಬೈಬಲಿನ ಪೌಲನ ಬಾಯಿಗೆ ಮಾತು ತುರುಕುವವರು ಬಹಳ. ತಿಮೊಥೆಯನಿಗೆ ಬರೆದ ಮೊದಲ ಪತ್ರದ 6ನೇ ಅಧ್ಯಾಯ 10ನೇ ವಚನ ಬೈಯುವುದು ಹಣವನ್ನಲ್ಲ, ಹಣದಾಸೆಯನ್ನು. ಗ್ರೀಕಿನಲ್ಲಿ ಅಲ್ಲಿರುವ ಪದ ‘ಫಿಲಾರ್ಗುರಿಯ’, ಅಂದರೆ ಬೆಳ್ಳಿಯ ಮೇಲಿನ ಮೋಹ. ಮೋಹ ಎಲ್ಲಿದೆ ಎಂದು ಕಂಡುಹಿಡಿಯಲು ದೊಡ್ಡ ಆತ್ಮಶೋಧನೆ ಬೇಕಿಲ್ಲ: ಮನುಷ್ಯ ಏನನ್ನು ಮತ್ತೆ ಮತ್ತೆ ಎಣಿಸುತ್ತಾನೋ ಅಲ್ಲಿದೆ. ಒಳ್ಳೆಯ ಡಬ್ಬಿಯ ಗುಣ ಅದರಿಂದಲೇ ತೀರ್ಮಾನವಾಗುತ್ತದೆ. ಹಾಕಿದವನಿಗೂ ಒಟ್ಟು ಎಷ್ಟಾಯಿತೆಂದು ಗೊತ್ತಾಗಬಾರದು, ಹಾಕಿದ್ದು ಹಿಂದಕ್ಕೆ ಬರಬಾರದು. ವಿಭೂತಿ ಬುಧವಾರ ಪೂಜೆಯಲ್ಲಿ ಓದುವ ಶುಭಸಂದೇಶ ಮತ್ತಾಯನ 6ನೇ ಅಧ್ಯಾಯದ್ದು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಮಾತು ಅಲ್ಲಿಯದೇ. ಎಡಗೈಗೆ ತಿಳಿಯದಂತೆ ನೋಡಿಕೊಳ್ಳುವ ಸಾಧನ ಮುಚ್ಚಿದ ಡಬ್ಬಿ.

ಈಗ ಡಬ್ಬಿಗೆ ಬರೋಣ. ದುಡ್ಡು ಹಾಕುವ ಸೀಳಿನ ಅಳತೆಯಲ್ಲೇ ಅರ್ಧ ಕೆಲಸ ಕೆಡುತ್ತದೆ. ಹತ್ತು ಮತ್ತು ಇಪ್ಪತ್ತು ರೂಪಾಯಿ ನಾಣ್ಯಗಳ ಅಗಲ 27 ಮಿ.ಮೀ. ಮಾಡಿಸುವವರು ಇದನ್ನೇ ನೋಡಿಕೊಂಡು 30 ಮಿ.ಮೀ. ಸೀಳು ಹೊಡೆಸಿ ಕೈ ತೊಳೆದುಕೊಳ್ಳುತ್ತಾರೆ. ನೂರರ ನೋಟು 142 × 66 ಮಿ.ಮೀ., ಐನೂರರದ್ದು 150 × 66. ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮಡಚಿದರೆ ಎರಡೂ 33 ಮಿ.ಮೀ.ಗೆ ಇಳಿಯುತ್ತವೆ, 30ರ ಸೀಳಿಗೆ ಹೋಗುವುದಿಲ್ಲ. ಸುರುಳಿ ಸುತ್ತಿ ತುರುಕಬೇಕು, ತುರುಕಿದರೆ ರಟ್ಟು ಹರಿಯುತ್ತದೆ, ಹರಿದ ಡಬ್ಬಿಯನ್ನು ಯಾರೂ ಗೌರವಿಸುವುದಿಲ್ಲ. ಕಡೆಗೆ ಆ ಮನೆಯ ತಪಸ್ಸು ಚಿಲ್ಲರೆಗೆ ಇಳಿಯುತ್ತದೆ. 35 ಮಿ.ಮೀ. ಉದ್ದ, 3 ಮಿ.ಮೀ. ಅಗಲ ಇದ್ದರೆ ನಾಣ್ಯವೂ ನೋಟೂ ಸಲೀಸಾಗಿ ಇಳಿಯುತ್ತವೆ. ಅಗಲ 4 ದಾಟಿತೋ, ತಲೆಕೆಳಗು ಮಾಡಿ ಅಲ್ಲಾಡಿಸಿದರೆ ನಾಣ್ಯ ಒಂದೊಂದಾಗಿ ಹೊರಗೆ ಬರುತ್ತದೆ. ಆಟೋಗೆ ಚಿಲ್ಲರೆ ಬೇಕಾದ ಬೆಳಗ್ಗೆ ಈ ವಿದ್ಯೆ ಮನೆಯವರಿಗೆಲ್ಲ ತಾನಾಗಿ ಬರುತ್ತದೆ. ಯೆರೂಸಲೇಮಿನ ದೇವಾಲಯದಲ್ಲಿ ಕಾಣಿಕೆಗೆ ಕೊಂಬಿನಾಕಾರದ 13 ಪೆಟ್ಟಿಗೆಗಳಿದ್ದವೆಂದು ಯೆಹೂದ್ಯರ ಹಳೆಯ ಧರ್ಮನಿಯಮ ಗ್ರಂಥ ಮಿಷ್ನಾ ಹೇಳುತ್ತದೆ. ಬಾಯಿ ಕಿರಿದು, ಬುಡ ಅಗಲ ಇದ್ದರೆ ಕೈ ಒಳಗೆ ಹೋಗದು. ಬಡ ವಿಧವೆ ಎರಡು ಕಾಸು ಹಾಕಿದ್ದನ್ನು ಯೇಸು ನೋಡುತ್ತಾ ಕುಳಿತದ್ದು ಅಂಥ ಪೆಟ್ಟಿಗೆಗಳ ಎದುರಿಗೇ.

ತಳ ಎರಡನೆಯ ತಲೆನೋವು. ಬರೀ ಸಿಕ್ಕಿಸುವ ಕಿವಿಯ ತಳ ಇರುವ ಡಬ್ಬಿ ಅಗ್ಗ, ಹಾಗಾಗಿ ಅದೇ ಹೆಚ್ಚು. ಹತ್ತು ರೂಪಾಯಿ ನಾಣ್ಯ ಒಂದಕ್ಕೆ ಸುಮಾರು 7.7 ಗ್ರಾಂ; 130 ನಾಣ್ಯಕ್ಕೆ ಒಂದು ಕೆ.ಜಿ. ಆಯಿತು. ದುಡ್ಡಿನ ಲೆಕ್ಕದಲ್ಲಿ ₹1,300 ಮಾತ್ರ, ಆದರೆ ರಟ್ಟಿನ ಪಾಲಿಗೆ ಅದು ಮೂಟೆ. ಎತ್ತುವಾಗ ತಳ ಬಾಯಿಬಿಟ್ಟು ಚರ್ಚಿನ ಮೆಟ್ಟಿಲ ಮೇಲೆ ಸುರಿದರೆ ಮುಚ್ಚಿಟ್ಟ ದಾನ ಊರಿಗೆಲ್ಲ ಕೇಳಿಸುತ್ತದೆ. ಮಡಚುವ ದಿನವೇ ತಳದ ಕಿವಿಗಳಿಗೆ ಫೆವಿಕಾಲ್ ಹಚ್ಚಿ, ಮೇಲೊಂದು ಭಾರ ಇಟ್ಟು, ರಾತ್ರಿಯಿಡೀ ಒಣಗಿಸಿದರೆ ಈ ತೊಂದರೆ ಇಲ್ಲ. ಮೈದಾ ಅಂಟು ಬೇಡವೇ ಬೇಡ, ಜಿರಳೆಗೆ ಹಬ್ಬ. ಒಲೆಯ ಹತ್ತಿರವೂ ಬೇಡ. ಅನ್ನ ಬಸಿಯುವ ಹಬೆಗೆ ರಟ್ಟು ಮೆತ್ತಗಾಗಿ ಸೀಳು ಬಾಗುತ್ತದೆ. ತಪಸ್ಸುಕಾಲ ಬೇಸಿಗೆಯಲ್ಲಿ ಬರುವುದು ಪುಣ್ಯ. ಆದರೂ ಪಾಸ್ಖ ಏಪ್ರಿಲ್‌ಗೆ ಹೋದ ವರ್ಷ ರೇವತಿ ಮಳೆ ಹನಿಸಿಯೇ ಹನಿಸುತ್ತದೆ, ಕಿಟಕಿ ದಂಡೆಯ ಮೇಲಿಟ್ಟ ಡಬ್ಬಿಗೆ ಬೂಷ್ಟು ಹಿಡಿಯುತ್ತದೆ. ಭೂಮಿಯ ಮೇಲೆ ಗಂಟು ಕಟ್ಟಿಟ್ಟರೆ ನುಸಿ, ಕಿಲುಬು ಹತ್ತುತ್ತವೆಂಬ ಮಾತಿಗೆ ತೀರ್ಥಹಳ್ಳಿ, ಹೊಸನಗರದ ಕಡೆಯವರಿಗೆ ಯಾರೂ ವ್ಯಾಖ್ಯಾನ ಕೊಡಬೇಕಿಲ್ಲ. ಮಳೆಗಾಲದಲ್ಲಿ ಟ್ರಂಕು ತೆಗೆದು ನೋಡಿದರೆ ಸಾಕು.

ಮೇಲಿನ ಅಚ್ಚಿನ ಬಗ್ಗೆಯೂ ಒಂದು ಮಾತು. ‘ಹನಿಹನಿ ಕೂಡಿದರೆ ಹಳ್ಳ, ತೆನೆತೆನೆ ಕೂಡಿದರೆ ಬಳ್ಳ’ ಎಂಬ ಗಾದೆಯನ್ನು ಇಂಥ ಡಬ್ಬಿಯ ಮೇಲೆ ಹಾಕಿಸಬೇಡಿ. ಅದು ಕೂಡಿಡುವವನ ಗಾದೆ, ಬ್ಯಾಂಕಿನ ಗೋಡೆಗೆ ಚೆನ್ನ. ‘ಕುಟುಂಬದ ಹೆಸರು’, ‘ಮೊತ್ತ’ ಎಂದು ಎರಡು ಖಾಲಿ ಗೆರೆ ಬಿಟ್ಟ ಡಬ್ಬಿಯಂತೂ ಹೊಟ್ಟೆಯೊಳಗೇ ವಿಷ ಇಟ್ಟುಕೊಂಡ ಹಾಗೆ. ಮೊತ್ತ ಬರೆಯಬೇಕಾದರೆ ಎಣಿಸಬೇಕು, ಎಣಿಸಿದರೆ ಪಕ್ಕದ ಮನೆಯವರದ್ದೆಷ್ಟು ಎಂಬ ಕುತೂಹಲ. ಹೆಸರಿನ ಜಾಗದಲ್ಲಿ ವಾರ್ಡಿನ ಗುರುತೊಂದಿದ್ದರೆ ಸಾಕು. ಎಷ್ಟು ಡಬ್ಬಿ ವಾಪಸ್ ಬಂತೆಂಬ ಲೆಕ್ಕಕ್ಕೆ ಕ್ರಮಸಂಖ್ಯೆ ಹಾಕಬಹುದು.

ಬಳಸುವ ರೀತಿ ಡಬ್ಬಿಯ ಮೇಲೆ ಬರೆದಿರುವುದಿಲ್ಲ, ಆದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ. ವಿಭೂತಿ ಬುಧವಾರದಿಂದ ಪವಿತ್ರ ಶನಿವಾರದವರೆಗೆ 46 ದಿನ. ನಡುವಿನ ಆರು ಭಾನುವಾರ ಕಳೆದರೆ 40. ಆ 40 ದಿನವೂ ಡಬ್ಬಿ ಊಟ ಬಡಿಸುವ ಜಾಗದಲ್ಲೇ ಇರಬೇಕು. ದೇವರಪಟದ ಮುಂದೆ ಮೇಣದ ಬತ್ತಿಯ ಪಕ್ಕ ಇಟ್ಟರೆ ನೋಡಲು ಚಂದ, ಆದರೆ ಅಲ್ಲಿಟ್ಟದ್ದು ನೆನಪಾಗುವುದು ಜಪಸರ ಹೇಳುವಾಗ ಮಾತ್ರ. ಬಿಡಬೇಕಾದದ್ದು ಜಪಸರದಲ್ಲಿ ಇಲ್ಲವಲ್ಲ, ತಟ್ಟೆಯಲ್ಲಿದೆ.

ಏನು ಬಿಡುವುದೆಂದು ಮೊದಲ ದಿನವೇ ಮನೆಯವರೆಲ್ಲ ಕೂತು ಮಾತಾಡಿ, ಅದರ ನಿಜವಾದ ಬೆಲೆ ಒಂದು ಚೀಟಿಯಲ್ಲಿ ಬರೆದುಕೊಳ್ಳಬೇಕು. ನಾಲ್ಕು ಜನರ ಮನೆಯಲ್ಲಿ ಶುಕ್ರವಾರ ಬಂಗುಡೆ, ಎಣ್ಣೆ, ಕಾಯಿ ಸೇರಿ ₹200 ಆಗುತ್ತಿತ್ತು ಅಂತಿಟ್ಟುಕೊಳ್ಳಿ. ಅದರ ಬದಲು ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿಗೆ ₹50 ಆದರೆ ವ್ಯತ್ಯಾಸದ ₹150 ಆ ರಾತ್ರಿಯೇ ಡಬ್ಬಿಗೆ ಬೀಳಬೇಕು. ವಾರದ ಕೊನೆಗೆ ಒಟ್ಟಿಗೆ ಹಾಕಿದರಾಯಿತು ಅಂದುಕೊಂಡರೆ ಆ ದುಡ್ಡು ಅಷ್ಟರಲ್ಲಿ ಗ್ಯಾಸಿಗೋ ಪೆಟ್ರೋಲಿಗೋ ಹೋಗಿರುತ್ತದೆ. ಕ್ಯಾಂಟೀನಿನಲ್ಲಿ ದಿನಕ್ಕೆರಡು ಚಹಾ ಬಿಟ್ಟವರು ಆ ಚಿಲ್ಲರೆಯನ್ನು ಅಂಗಿಯ ಬೇರೆ ಕಿಸೆಯಲ್ಲಿ ಹಾಕಿಕೊಂಡು ಮನೆಗೆ ತರಲಿ. ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ ಉಪವಾಸ ಕಡ್ಡಾಯ. 18 ತುಂಬಿದವರಿಂದ 59ರವರೆಗೆ ಒಂದು ಪೂರ್ತಿ ಊಟ, ಉಳಿದದ್ದು ಅಲ್ಪಾಹಾರ. ಆ ಎರಡು ದಿನದ ಉಳಿತಾಯ ಮಿಕ್ಕ ದಿನಗಳಿಗಿಂತ ಹೆಚ್ಚಿರಬೇಕು; ಇಲ್ಲದಿದ್ದರೆ ಎಲ್ಲೋ ಲೆಕ್ಕ ತಪ್ಪಿದೆ.

ಲೆಕ್ಕ ತಪ್ಪುವ ಜಾಗಗಳೂ ಗೊತ್ತಿರುವವೇ. ಮಾಂಸ ಬಿಟ್ಟು ಪನೀರ್, ಅಣಬೆ ತಂದರೆ ಖರ್ಚು ಏರುತ್ತದೆ, ಡಬ್ಬಿಗೆ ಹಾಕಲು ಏನೂ ಉಳಿಯುವುದಿಲ್ಲ. ನಿಯಮ ಪಾಲಿಸಿದ ಸಮಾಧಾನ ಒಂದು ಉಳಿಯುತ್ತದೆ, ಅದು ಇನ್ನೂ ಅಪಾಯ. ಕುಡಿತ ಬಿಟ್ಟವರು ಉಳಿದ ದುಡ್ಡನ್ನು ಕಪಾಟಿನಲ್ಲಿಟ್ಟು ಪಾಸ್ಖದ ರಾತ್ರಿ ಬಡ್ಡಿ ಸಮೇತ ವಸೂಲಿ ಮಾಡಿದರೆ ಅದು ನಲವತ್ತು ದಿನದ ಪಿಗ್ಮಿ. ಮಕ್ಕಳ ಕೈಯಲ್ಲಿ ಅಪ್ಪನ ನೋಟು ಕೊಟ್ಟು ಹಾಕಿಸುವುದೂ ಸರಿಯಲ್ಲ. ಹತ್ತು ರೂಪಾಯಿಯ ಐಸ್ ಕ್ಯಾಂಡಿ ತಾನಾಗಿ ಬಿಟ್ಟ ಮಗುವಿನ ಹತ್ತು ರೂಪಾಯಿಗೆ ಇರುವ ಅರ್ಥ ಅಪ್ಪನ ಐನೂರಕ್ಕಿಲ್ಲ.

ಇನ್ನೊಂದು ಚೋದ್ಯ. ಹತ್ತು ರೂಪಾಯಿ ನಾಣ್ಯ ತೆಗೆದುಕೊಳ್ಳಲು ತಕರಾರು ಮಾಡುವ ಅಂಗಡಿಗಳು ನಮ್ಮ ಕಡೆ ಇನ್ನೂ ಇವೆ. ಚಲಾವಣೆಯಲ್ಲಿರುವ 14 ವಿನ್ಯಾಸಗಳೂ ಸಿಂಧು ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಸ್ಪಷ್ಟಪಡಿಸಿದೆ, ಆದರೂ ಅನುಮಾನ ಹೋಗಿಲ್ಲ. ಹಾಗಾಗಿ ಎಲ್ಲೂ ಸಾಗದ ನಾಣ್ಯಗಳು ಕಾಣಿಕೆ ಡಬ್ಬಿಗೆ ಬಂದು ಬೀಳುತ್ತವೆ. ಬಡವರ ಪಾಲು ಅಂಗಡಿಯವನು ಬೇಡವೆಂದದ್ದು! ಮಲಾಕಿಯ ಪ್ರವಾದಿ ಕುಂಟು ಕುರಿ, ಕುರುಡು ಕುರಿ ತಂದು ಅರ್ಪಿಸುವವರನ್ನು ತರಾಟೆಗೆ ತೆಗೆದುಕೊಂಡದ್ದು ಇಂಥ ಬುದ್ಧಿಗೇ.

ಒಪ್ಪಿಸಿದ ಮೇಲೆ ಏನಾಗುತ್ತದೆ ಎಂಬುದು ಸೇವೆಯ ಇನ್ನರ್ಧ. ಮುಚ್ಚಳಕ್ಕೆ ತೂತು ಕೊರೆದ ಕಾಣಿಕೆ ಪೆಟ್ಟಿಗೆಯ ಕಥೆ ಎರಡನೆಯ ಅರಸುಗಳು 12ನೇ ಅಧ್ಯಾಯದಲ್ಲಿದೆ. ಯೋವಾಷ ಅರಸನ ಕಾಲದಲ್ಲಿ ದೇವಾಲಯದ ದುರಸ್ತಿಗೆಂದು ಯಾಜಕರು ಹಣ ಪಡೆಯುತ್ತಲೇ ಇದ್ದರು. ಅವನ ಆಳ್ವಿಕೆಯ 23ನೇ ವರ್ಷ ಬಂದರೂ ಒಂದು ಬಿರುಕೂ ಮುಚ್ಚಿರಲಿಲ್ಲ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆಯ ಮುಚ್ಚಳಕ್ಕೆ ತೂತು ಮಾಡಿ ಬಲಿಪೀಠದ ಬದಿಯಲ್ಲಿಟ್ಟ. ತುಂಬಿದಾಗ ಅರಸನ ಲೇಖಕನೂ ಮಹಾಯಾಜಕನೂ ಒಟ್ಟಿಗೆ ಬಂದು, ಎಣಿಸಿ, ಚೀಲಕ್ಕೆ ಕಟ್ಟಿ ಕೆಲಸಗಾರರಿಗೆ ಕೊಟ್ಟರು. ಒಬ್ಬನೇ ಎಣಿಸಲಿಲ್ಲ, ಅದೂ ಇಬ್ಬರು ಎರಡು ಕಡೆಯವರು. ಯೇಸುವಿನ ಶಿಷ್ಯರಲ್ಲಿ ಹಣದ ಚೀಲ ಒಬ್ಬನ ಕೈಯಲ್ಲೇ ಇತ್ತು. ಅವನ ಹೆಸರು ಯೂದ, ಯೇಸುವನ್ನು ಹಿಡಿದುಕೊಟ್ಟವನು. ಕೊರಿಂಥದವರ ಕಾಣಿಕೆ ಸಾಗಿಸುವಾಗ ಪೌಲ ತನ್ನ ಜೊತೆಗೆ ಬೇರೆಯವರನ್ನೂ ಸೇರಿಸಿಕೊಂಡದ್ದು ಯಾರೂ ಬೆರಳು ತೋರಿಸದಿರಲೆಂದು.

ಇದನ್ನೇ ಇವತ್ತಿನ ಕ್ರಮಕ್ಕೆ ಇಳಿಸಿದರೆ ಹೀಗೆ: ಡಬ್ಬಿಗಳನ್ನು ಒಡೆಯುವುದು ಒಂದೇ ದಿನ, ಒಂದೇ ಮೇಜಿನ ಮೇಲೆ. ಪಾಲನಾ ಪರಿಷತ್ತಿನ ಒಬ್ಬರು, ಪರಿಷತ್ತಿಗೆ ಸೇರದ ಒಬ್ಬರು, ಸಂಬಂಧಿಕರಲ್ಲದವರು. ಒಂದೊಂದೇ ಡಬ್ಬಿ ಎಣಿಸಿ ಬರೆಯುವ ಬದಲು ಎಲ್ಲವನ್ನೂ ಒಂದು ಜಮಖಾನದ ಮೇಲೆ ಸುರಿದುಬಿಟ್ಟರೆ ಯಾರ ಮನೆಯದ್ದೆಷ್ಟು ಎಂಬ ಪ್ರಶ್ನೆಯೇ ಸತ್ತುಹೋಗುತ್ತದೆ. ನಾಣ್ಯ ನೂರರ ಚೀಲ, ನೋಟು ನೂರರ ಕಟ್ಟು. ಹಾಳೆಯಲ್ಲಿ ಇಬ್ಬರ ಸಹಿ. ಮುಂದಿನ ಕೆಲಸದ ದಿನವೇ ಬ್ಯಾಂಕಿಗೆ. ವಾರ್ಡುವಾರು ಮೊತ್ತ ಪೂಜೆಯ ಕೊನೆಗೆ ಓದಿ ಚಪ್ಪಾಳೆ ತಟ್ಟಿಸುವ ಪದ್ಧತಿ ಎಲ್ಲಿದ್ದರೂ ನಿಲ್ಲಬೇಕು. ಓದಬೇಕಾದ್ದು ಎರಡೇ ಸಾಲು, ಒಟ್ಟು ಎಷ್ಟು ಮತ್ತು ಎಲ್ಲಿಗೆ ಹೋಯಿತು. ಭಾರತದ ಕಥೋಲಿಕರ ತಪಸ್ಸುಕಾಲದ ಅಭಿಯಾನ ನಡೆಸುವ ನೆರವು ಸಂಸ್ಥೆ ಕಾರಿತಾಸ್ ಇಂಡಿಯಾ 1962ರಿಂದ ಇದೆ. ಅದಕ್ಕೆಷ್ಟು, ಬಿಷಪರ ಆಡಳಿತದ ಧರ್ಮಕ್ಷೇತ್ರಕ್ಕೆಷ್ಟು, ಊರಿನ ಬಡವರಿಗೆಷ್ಟು ಎಂದು ಬಿಡಿಸಿ ಹೇಳಿದರೆ ಕೊಟ್ಟವನ ಮನಸ್ಸು ಹಗುರ. ಶಿವಮೊಗ್ಗ ಧರ್ಮಕ್ಷೇತ್ರ 1988ರಲ್ಲಿ ಆದದ್ದು, ದಾವಣಗೆರೆ, ಚಿತ್ರದುರ್ಗವೂ ಅದರೊಳಗೇ. ಬಿ.ಎಚ್. ರಸ್ತೆಯ ಪವಿತ್ರ ಹೃದಯ ಪ್ರಧಾನಾಲಯದಂಥ ದೊಡ್ಡ ಚರ್ಚಿಗೂ ಕಾಡಂಚಿನ ಉಪಕೇಂದ್ರಕ್ಕೂ ಈ ಕ್ರಮ ಒಂದೇ ಆಗಿರಬಹುದು. ಚಿಕ್ಕ ಕೇಂದ್ರದಲ್ಲಿ ಜಮಖಾನ ಚಿಕ್ಕದು, ಅಷ್ಟೇ.

ಡಬ್ಬಿಯ ಬದಲಿಗೆ ಸಿಗುವ ಬೇರೆ ಸಾಧನಗಳನ್ನೂ ನೋಡಬೇಕು. ಮಣ್ಣಿನ ಹುಂಡಿ ಎಲ್ಲ ರೀತಿಯಲ್ಲೂ ಮೇಲು. ಒಡೆಯದೆ ತೆಗೆಯಲಾಗದು, ಜಿರಳೆ ಮುಟ್ಟದು, ಹಬೆಗೆ ಬಾಗದು. ಆದರೆ ನೂರಾರು ಹುಂಡಿ ಹೊತ್ತು ತರುವುದು, ಒಡೆದ ಓಡು ಗುಡಿಸುವುದು ಚರ್ಚಿನ ಉಪದೇಶಿಯ ಪಾಲಿಗೆ ಶಿಕ್ಷೆ. ಲಕೋಟೆ ಸುಲಭ, ಅದೇ ಅದರ ದೋಷ: ಕೊನೆಯ ಭಾನುವಾರ ಕಾರಿನಲ್ಲಿ ಕೂತು ನೋಟು ತುರುಕಿ ಅಂಟಿಸಿದರೆ ಮುಗಿಯಿತು, ನಲವತ್ತು ದಿನ ಅದಕ್ಕೆ ಬೇಕಿಲ್ಲ.

ಕ್ಯೂಆರ್ ಕೋಡ್ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕು. ಲೆಕ್ಕಪತ್ರಕ್ಕೆ ಅದರಷ್ಟು ಚೊಕ್ಕ ಇನ್ನೊಂದಿಲ್ಲ, ಕಳವಿನ ಭಯವಿಲ್ಲ. ಮಾಮೂಲಿ ಭಾನುವಾರದ ಕಾಣಿಕೆಗೆ, ಕಟ್ಟಡ ನಿಧಿಗೆ ಇರಲಿ. ತಪಸ್ಸುಕಾಲಕ್ಕೆ ಅದು ಒಗ್ಗದು, ಏಕೆಂದರೆ ಕೊಟ್ಟವನ ಫೋನಿನಲ್ಲೇ ತಾರೀಖು, ಸಮಯ, ಮೊತ್ತದ ಸಮೇತ ದಾಖಲೆ ಕೂತಿರುತ್ತದೆ. ಬಲಗೈ ಕೊಟ್ಟದ್ದನ್ನು ಎಡಗೈ ಸ್ಕ್ರೀನ್‌ಶಾಟ್ ತೆಗೆಯುತ್ತದೆ. ಪಕ್ಕದಲ್ಲಿ ಸೌಂಡ್‌ಬಾಕ್ಸ್ ಇಟ್ಟು, ಕಾಣಿಕೆ ಬಿದ್ದಾಗಲೆಲ್ಲ ‘ಐನೂರು ರೂಪಾಯಿ’ ಎಂದು ಕೂಗಿಸಿದರಂತೂ ದಾನ ಕೊಡುವಾಗ ಮುಂದೆ ತುತ್ತೂರಿ ಊದಿಸಬೇಡ ಎಂದ ಯೇಸುವಿನ ಮಾತಿಗೆ ಬ್ಯಾಟರಿ ಹಾಕಿದಂತೆ. ತೆರಿಗೆ ವಿನಾಯಿತಿಯ ಆಸೆಯೂ ಇಲ್ಲಿಂದಲೇ ಶುರು. ಒಂದೇ ಸಂಸ್ಥೆಗೆ ₹2,000 ಮೀರಿ ನಗದು ಕೊಟ್ಟರೆ ವಿನಾಯಿತಿ ಇಲ್ಲ. ಡಬ್ಬಿಗೆ ರಸೀದಿಯೂ ಇಲ್ಲ, ಹೆಸರೂ ಇಲ್ಲ, ವಾಪಸ್ ಬರುವ ಕಾಸೂ ಇಲ್ಲ. ಈ ಒಂದು ಕೊರತೆಯೇ ಡಬ್ಬಿಗೆ ನಾವು ಕೊಡುವ ಅತಿ ಹೆಚ್ಚಿನ ಅಂಕ.

ಹಿಡಿ ಅಕ್ಕಿ ಇವೆಲ್ಲಕ್ಕಿಂತ ಹಳೆಯದು. ಅನ್ನಕ್ಕಿಡುವ ಮುನ್ನ ಒಂದು ಹಿಡಿ ತೆಗೆದು ಬೇರೆ ಪಾತ್ರೆಗೆ ಹಾಕುವುದು. ಹಿಡಿಗೆ 50 ಗ್ರಾಂ ಹಿಡಿದರೂ ನಲವತ್ತು ದಿನಕ್ಕೆ 2 ಕೆ.ಜಿ. ತನ್ನ ಪಾಲು ಕಡಿಮೆಯಾದದ್ದು ಅಡುಗೆ ಮಾಡುವವರ ಕೈಗೇ ಗೊತ್ತಾಗುತ್ತದೆ, ಕಾಸಿನಲ್ಲಿ ಅದು ಗೊತ್ತಾಗುವುದು ಕಡಿಮೆ. ಹುಳು ಹಿಡಿಯದಂತೆ ವಾರವಾರ ತಂದೊಪ್ಪಿಸಬೇಕು, ಬೇರೆ ಬೇರೆ ಅಕ್ಕಿ ಕಲಬೆರಕೆಯಾಗುತ್ತದೆ, ಇದಿಷ್ಟೇ ತೊಂದರೆ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳ ಕೊಯ್ಲಿನ ಹಬ್ಬದಲ್ಲಿ ಬೆಳೆಯನ್ನೇ ತಂದೊಪ್ಪಿಸುವುದು ಇದರ ದೊಡ್ಡ ರೂಪ. ಹರಾಜಿನಲ್ಲಿ ಒಂದು ತೆಂಗಿನಕಾಯಿಗೆ ಸಾವಿರ ಕೂಗುವ ಜಿದ್ದು ಹತ್ತುವವರೆಗೆ ಚೆನ್ನಾಗಿಯೇ ಇರುತ್ತದೆ.

ಡಬ್ಬಿಯ ಕೈಲಾಗದ್ದು ಏನೆಂಬುದನ್ನೂ ಹೇಳದಿದ್ದರೆ ವಿಮರ್ಶೆ ಪೂರ್ತಿಯಾಗದು. ಮಲೆನಾಡಿನಲ್ಲಿ ಹಣದಾಸೆ ಮೀನಿನ ಸಾರಿನಲ್ಲಿಲ್ಲ. ಅದು ಕೈಸಾಲದ ಬಡ್ಡಿಯಲ್ಲಿದೆ, ತಂಗಿಯ ಪಾಲಿಗೆ ಬರಬೇಕಿದ್ದ ತೋಟದ ಪತ್ರದಲ್ಲಿದೆ, ದರ ಏರಲೆಂದು ಮೂಟೆ ಕಟ್ಟಿಟ್ಟು ಸುಲಿದವರ ಕೂಲಿ ಬಾಕಿ ಇಟ್ಟುಕೊಳ್ಳುವುದರಲ್ಲಿದೆ. ಮರದಿಂದ ಅಡಿಕೆ ಕೊನೆ ತೆಗೆದವರಿಗೆ, ಕೆ.ಜಿ. ಲೆಕ್ಕದಲ್ಲೋ ಡಬ್ಬದ ಲೆಕ್ಕದಲ್ಲೋ ಅಡಿಕೆ ಸುಲಿದ ಹೆಂಗಸರಿಗೆ ದುಡ್ಡು ಕೊಡದೆ ಊಟದ ಮೇಜಿನ ಮೇಲಿನ ಡಬ್ಬಿ ತುಂಬಿಸಿದರೆ, ಅತ್ತೆ ಒಡವೆಯನ್ನು ಅಳಿಯ ದಾನ ಮಾಡಿದ ಹಾಗೆ. ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ಧರ್ಮೋಪದೇಶಕಾಂಡ 24ನೇ ಅಧ್ಯಾಯ ಹೇಳುತ್ತದೆ. ಹಿಡಿದಿಟ್ಟ ಕೂಲಿ ಕೂಗಿಕೊಳ್ಳುತ್ತದೆಂದು ಯಾಕೋಬನ ಪತ್ರದ 5ನೇ ಅಧ್ಯಾಯದಲ್ಲಿದೆ. ಯೇಸುವನ್ನು ಕಂಡ ಸುಂಕದವ ಜಕ್ಕಾಯ ಆಸ್ತಿಯಲ್ಲಿ ಅರ್ಧ ಬಡವರಿಗೆ ಬಿಟ್ಟ, ಮೋಸದಿಂದ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ. ಅದಕ್ಕೆ 35 ಮಿ.ಮೀ. ಸೀಳು ಸಾಲದು. ಆದ್ದರಿಂದ ಡಬ್ಬಿ ಮಡಚುವ ಮೊದಲು ಬಾಕಿ ಕೂಲಿಯ ಪಟ್ಟಿ ತೆಗೆದು ಚುಕ್ತಾ ಮಾಡುವುದು ಮೊದಲ ಹೆಜ್ಜೆ, ಫೆವಿಕಾಲ್ ಎರಡನೆಯದು.

ಐದಕ್ಕೆ ಅಂಕ ಕೊಡುವುದಾದರೆ ಈಗಿನ ರೂಪದ ಡಬ್ಬಿಗೆ ಎರಡೂವರೆ. ಸೀಳು ಸರಿಮಾಡಿ, ತಳ ಅಂಟಿಸಿ, ಹೆಸರು-ಮೊತ್ತದ ಗೆರೆ ಅಳಿಸಿದರೆ ನಾಲ್ಕು. ಮುಂದಿನ ವರ್ಷದ ಅಚ್ಚಿಗೆ ಕೊಡುವವರು ಡಿಸೆಂಬರಿನಲ್ಲೇ ಮಾದರಿಯೊಂದನ್ನು ಮಡಚಿ, ಒಂದು ಕೆ.ಜಿ. ನಾಣ್ಯ ತುಂಬಿಸಿ ಎತ್ತಿ ನೋಡಲಿ. 2027ರ ವಿಭೂತಿ ಬುಧವಾರ ಫೆಬ್ರವರಿ 10ಕ್ಕೇ ಬರುತ್ತದೆ, ಕ್ರಿಸ್‌ಮಸ್ ಗಲಾಟೆ ಮುಗಿದ ಮೇಲೆ ಪ್ರೆಸ್ಸಿಗೆ ಓಡಿದರೆ ಮತ್ತೆ ಹಳೆಯ ಅಚ್ಚೇ ಗತಿ.